ಕತ್ತರಿಗೆ ಸಿಕ್ಕ ಗೋಪುರ

ಗೋಡೆಯ ಗೂಡಿನಲ್ಲಿ, ಮಾರ್ಕಂಡೇಯ ಋಷಿಯ ಪಟಕ್ಕೆ ಒರಗಿಸಿಟ್ಟ ಒಂದು ಛಾಯಾಚಿತ್ರ. ಚಿತ್ರದ ತುಂಬ ಹಾಲುಬಣ್ಣದ ದಪ್ಪ ಕಾಗದ. ಕಾಗದದ ನಡುವೆ ಅಂಗೈ ಅಗಲದ ಬಟ್ಟೆಯ ತುಂಡು. ತುಂಡಿನ ಮೈ ಕುಂಕುಮದ ಕೆಂಪು. ಅದರ ಮೇಲೆ ಹಾದುಹೋದ ಕಪ್ಪು ಎಳೆಗಳು ಸಣ್ಣ ಸಣ್ಣ ಚೌಕಗಳನ್ನು ಬರೆದಿವೆ. ಕೆಳಗಡೆ ದಡಿ. ದಡಿಯಿಂದ ಮೈಯ ಕಡೆಗೆ ಎದ್ದು ನಿಂತ ಪುಟ್ಟ ಗೋಪುರಗಳ ಸಾಲು; ಪ್ರತಿ ಗೋಪುರಕ್ಕೂ ಏರು, ತುದಿ, ಇಳಿಜಾರು. ಕೊನೆಯ ಗೋಪುರಕ್ಕೆ ಮಾತ್ರ ಏರು ಇದೆ, ತುದಿ ಇದೆ, ಇಳಿಜಾರಿಲ್ಲ. ಇಳಿಜಾರು ಇರಬೇಕಾದಲ್ಲಿ ಕತ್ತರಿ ನೇರವಾಗಿ ಹಾದುಹೋಗಿದೆ. ಅದರಾಚೆಗೆ ಕಾಗದದ ಬಿಳುಪು. ಮೂಲೆಯಲ್ಲಿ ಅಂಟಿಸಿದ ಒಂದು ಸಂಖ್ಯೆ, ತಳದಲ್ಲಿ ಒಂದು ಸಾಲು ಇಂಗ್ಲಿಷ್. ಬೆಳಕಿಂಡಿಯಿಂದ ಇಳಿದ ಬಿಸಿಲಿನ ಕೋಲು ಆ ಅರ್ಧ ಗೋಪುರದ ಮೇಲೆ ನಿಂತಿದೆ. ಅಲ್ಲಿಂದ ಮುಂದೆ ಹೋಗಲು ಅದಕ್ಕೂ ದಾರಿ ಇಲ್ಲದಂತೆ.

ನಾರಾಯಣಪೇಟೆಯ ನೇಕಾರರ ಓಣಿಯ ಈ ಮನೆಯಲ್ಲಿ ಮಗ್ಗದ ಕುಣಿಗೆ ಇಳಿದು ಕೂತ ಮಲ್ಲೇಶ್ವರಿಯ ಕಣ್ಣಿಗೆ ಆ ಗೂಡು ನೇರ ಎದುರಾಗುತ್ತಿತ್ತು. ಲಾಳಿ ಎಸೆದಾಗೊಮ್ಮೆ ಅವಳು ಚಿತ್ರವನ್ನು ನೋಡುತ್ತಿದ್ದಳು. ನೋಡಬಾರದೆಂದುಕೊಂಡಾಗ ಇನ್ನೂ ಹೆಚ್ಚು ನೋಡುತ್ತಿದ್ದಳು.

ಚಿತ್ರ ತಂದುಕೊಟ್ಟವಳು ರಾಧಿಕಾ. ಹೈದರಾಬಾದಿನಲ್ಲಿದ್ದುಕೊಂಡು ಇಂಗ್ಲೆಂಡಿನ ಒಂದು ವಸ್ತುಸಂಗ್ರಹಾಲಯದ ಕೆಲಸ ಮಾಡುವ ಹುಡುಗಿ. ಗದ್ವಾಲದ ನೇಕಾರರ ಮನೆಯ ಮೊಮ್ಮಗಳು. ಮೊದಲ ಸಲ ಬಂದಾಗ ಚಪ್ಪಲಿ ಬಿಟ್ಟು, ಮಗ್ಗಕ್ಕೆ ಕೈ ಮುಗಿದು, ಆಮೇಲೆ ಮನೆಯವರಿಗೆ ಕೈ ಮುಗಿದಿದ್ದಳು. ಅದೊಂದಕ್ಕೇ ಮಲ್ಲೇಶ್ವರಿ ಅವಳನ್ನು ಒಳಗೆ ಬಿಟ್ಟುಕೊಂಡಿದ್ದಳು.

"ಇದು ಈಗ ಎಲ್ಲೈತವ್ವಾ?" ಎಂದು ಅಂದು ಮಲ್ಲೇಶ್ವರಿ ಚಿತ್ರ ಹಿಡಿದು ಕೇಳಿದ್ದಳು.

"ಇಂಗ್ಲೆಂಡಿನ್ಯಾಗ, ಅತ್ತಿ. ಒಂದು ದೊಡ್ಡ ಪುಸ್ತಕದಾಗ ಅಂಟಿಸ್ಯಾರ."

"ಪುಸ್ತಕದಾಗ ಬಟ್ಟಿ ಹಚ್ಚಿದ್ರ," ಎಂದು ಗಂಡ ಯಲ್ಲಯ್ಯ ರಾಟೆಯಲ್ಲಿ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಲೇ ನಕ್ಕಿದ್ದ, "ಅವರು ಉಡಾದು ಏನವ್ವಾ, ಕಾಗದಾನ?"

ರಾಧಿಕಾ ನಗಲಿಲ್ಲ. ನೆಲದ ಮೇಲೆ ಕೂತು ನಿಧಾನವಾಗಿ ಹೇಳಿದ್ದಳು: ದೊರೆಗಳ ಕಾಲದಲ್ಲಿ ಈ ದೇಶದ ಮೂಲೆಮೂಲೆಯಿಂದ ಸೀರೆ, ಪಂಚೆ, ರುಮಾಲುಗಳನ್ನು ಕೂಡಿಹಾಕಿದರು. ಅವನ್ನು ಅಂಗೈ ಅಂಗೈಯಷ್ಟು ಕತ್ತರಿಸಿ ಪುಸ್ತಕಗಳಲ್ಲಿ ಅಂಟಿಸಿದರು. ಪುಸ್ತಕಗಳು ಅವರ ಗಿರಣಿಯ ಊರುಗಳಿಗೆ ಹೋದವು. ಇಲ್ಲಿನ ಹೆಂಗಸು ಎಂಥದನ್ನು ಉಡುತ್ತಾಳೆ, ಎಂಥ ದಡಿಗೆ ಮನಸೋಲುತ್ತಾಳೆ ಎಂಬುದನ್ನು ಇಲ್ಲಿಗೆ ಕಾಲಿಡದೆಯೇ ನೋಡಿ, ಯಂತ್ರದಲ್ಲಿ ಅಂಥದನ್ನೇ ತೆಗೆದು, ಹಡಗು ತುಂಬಿ ವಾಪಸು ಕಳಿಸಿದರು.

ಕೇಳುತ್ತ ಕೇಳುತ್ತ ಯಲ್ಲಯ್ಯನ ಕೈಯ ರಾಟೆ ನಿಂತಿತ್ತು. ಅವನ ಮುತ್ತಜ್ಜನ ಕಥೆ ಮನೆಯಲ್ಲಿ ಎಲ್ಲರಿಗೂ ಗೊತ್ತು: ರಾಯಚೂರಿಗೆ ರೈಲು ಬಂದ ಮೇಲೆ ಗಿರಣಿಯ ಸೀರೆ ಮೂಟೆಮೂಟೆಯಾಗಿ ಇಳಿಯಿತು, ಓಣಿಯ ಮಗ್ಗಗಳು ಒಂದೊಂದೇ ಅಟ್ಟ ಸೇರಿದವು, ಮುತ್ತಜ್ಜ ಹಣಿಗೆ ಹಿಡಿದ ಕೈಯಲ್ಲಿ ಸಲಿಕೆ ಹಿಡಿದು, ಆ ಸೀರೆ ಬಂದಿಳಿದ ಹಳಿಗೇ ಮಣ್ಣು ಹೊತ್ತ. ಆ ಮುತ್ತಜ್ಜನ ತಾಯಿ ಮಾತ್ರ ಒಂದು ಮಗ್ಗವನ್ನು ಇಳಿಸಗೊಡಲಿಲ್ಲ. ಅದೇ ಇದು.

"ಕೆಳಗ ಏನು ಬರದಾರ?" ಎಂದು ಮಲ್ಲೇಶ್ವರಿ ಇಂಗ್ಲಿಷ್ ಸಾಲಿನ ಮೇಲೆ ಬೆರಳಿಟ್ಟಿದ್ದಳು.

"ನಿಜಾಮನ ಸೀಮೆ. ಹೆಂಗಸರ ಉಡುಪು. ಹತ್ತಿ, ರೇಷ್ಮಿ."

"ನೇಯ್ದೋರ ಹೆಸರು?"

"ಬರದಿಲ್ಲ, ಅತ್ತಿ."

"ಉಟ್ಟೋರದು?"

"ಅದೂ ಇಲ್ಲ."

"ಕತ್ತರಿಸಿದೋರದು?"

"ಅದು ಐತಿ. ಪುಸ್ತಕದ ಬೆನ್ನಿನ ಮ್ಯಾಲ. ಬಂಗಾರದ ಅಕ್ಷರದಾಗ."

ಆಮೇಲೆ ತಾನು ಬಂದ ಕೆಲಸ ಹೇಳಿದಳು. ಈ ತುಂಡನ್ನು ನೋಡಿ ಇಡೀ ಸೀರೆಯನ್ನು ಮತ್ತೆ ನೇಯಬೇಕು. ತುಂಡಿನ ಪಕ್ಕದಲ್ಲಿ ಅದನ್ನು ತೂಗುಹಾಕುತ್ತಾರೆ. ಈ ಸಲ ಕೆಳಗೆ ಹೆಸರು ಬರೆಯುತ್ತಾರೆ. ಮಲ್ಲೇಶ್ವರಿ, ನಾರಾಯಣಪೇಟೆ.

ಆ ಮಾತು ಮಲ್ಲೇಶ್ವರಿಯ ಎದೆಯಲ್ಲಿ ನಾಟಿತು. ಬುದ್ಧಿ ಬಂದಾಗಿನಿಂದ ಅವಳು ನೇಯ್ದ ಸೀರೆಗಳು ಎಷ್ಟು ಊರು ಕಂಡವೋ, ಒಂದರ ಮೇಲೂ ಅವಳ ಹೆಸರಿರಲಿಲ್ಲ. ಸೀರೆ ಮಡಿಕೆಯಾದ ಕೂಡಲೇ ಅದರ ಮೇಲೆ ಸಾವ್ಕಾರ ಭಾನುಪ್ರಕಾಶನ ಅಂಗಡಿಯ ಚೀಟಿ ಬೀಳುತ್ತಿತ್ತು. ಅವಳ ಹೆಸರು ಇದ್ದದ್ದು ರೇಷನ್ ಕಾರ್ಡಿನಲ್ಲಿ, ಅದೂ ತಪ್ಪಾಗಿ. ರಾಧಿಕಾ ಹೋದ ಮೇಲೆ ಅವಳು ಎದುರುಮನೆಯ ರಜಿನಿಯನ್ನು ಕರೆದು, ಇಂಗ್ಲಿಷಿನಲ್ಲಿ ಹೆಸರು ಬರೆಯಿಸಿದಳು. ರಜಿನಿ ಓಣಿಗೆಲ್ಲ ಕಂಡಿಕೆ ಸುತ್ತಿಕೊಡುವ ಹುಡುಗಿ. ಹತ್ತಿರದ ಮಖ್ತಲ ಊರಿಗೆ ಅವಳನ್ನು ಮದುವೆ ಮಾಡಿಕೊಡುವುದೆಂದು ಮಾತಾಗಿತ್ತು. ಇದ್ದಲಿನಿಂದ ಮಗ್ಗದ ಗೋಡೆಯ ಮೇಲೆ ದೊಡ್ಡದಾಗಿ ಬರೆದು ಅವಳು ಹಿಂದೆ ಸರಿದು ನಿಂತಳು.

"ಇಷ್ಟುದ್ದ ಐತೇನೇ ನನ್ನ ಹೆಸರು?"

"ಇನ್ನೂ ಉದ್ದ ಮಾಡಾಕ ಬರತೈತಿ, ದೊಡ್ಡವ್ವ. ಮುಂದ 'ಶ್ರೀಮತಿ' ಹಚ್ಚಲೇನು?"

"ಬ್ಯಾಡ. ಅಷ್ಟಕ್ಕ ಗ್ವಾಡಿ ಸಾಲಂಗಿಲ್ಲ."

ಮರುವಾರವೇ ಮಗ್ಗಕ್ಕೆ ಹೊಸ ಹಾಸು, ಉದ್ದೆಳೆಗಳ ಕಟ್ಟು, ಏರಿತು. ಮುಂಗಡ ಬೇಡವೆಂದು ರಾಧಿಕಾಗೆ ಹೇಳಿ, ಸಾವ್ಕಾರನಿಂದಲೂ ನೂಲು ತಾರದೆ, ತನ್ನದೇ ದುಡ್ಡಿನಲ್ಲಿ ಹತ್ತಿ ರೇಷ್ಮೆ ಕೊಂಡಳು. ಮಗ್ಗದಲ್ಲಿ ಉಳಿದ ಹಳೆಯ ಹಾಸಿನ ಎಳೆಗಳ ತುದಿಗೆ ಹೊಸ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸಿದಳು. ಮುತ್ತಜ್ಜನ ತಾಯಿಯ ಕಾಲದಿಂದಲೂ ಹೀಗೆ ಎಳೆಗೆ ಎಳೆ ಹೊಸೆದುಕೊಂಡೇ ಬಂದ ಮಗ್ಗ ಅದು. ಒಂದು ದಿನವೂ ಬರಿದಾಗಿ ನಿಂತದ್ದಿಲ್ಲ. ನಾರಾಯಣಪೇಟೆಯ ಪದ್ಧತಿಯಂತೆ ಒಂದು ಹಾಸಿನಲ್ಲಿ ಎಂಟು ಸೀರೆ. ಎಂಟಕ್ಕೂ ಅದೇ ಚೌಕಳಿ, ಅದೇ ಗೋಪುರದ ದಡಿ. ಏಳು ಎಂದಿನಂತೆ ಅಂಗಡಿಗೆ. ಎಂಟನೆಯದು ಆ ತುಂಡಿನದು. ತುಂಡಿನಲ್ಲಿ ಸೆರಗು ಇರಲಿಲ್ಲವಾದ್ದರಿಂದ ಅದನ್ನು ಅವಳೇ ಕಾಣಬೇಕಿತ್ತು. ಒಂದೊಂದು ದಿನ ಒಂದೊಂದು ಸೆರಗು ಕಣ್ಣೆದುರು ಬಂದು ನಿಲ್ಲುತ್ತಿತ್ತು: ಕಪ್ಪು ಪಟ್ಟೆಯದು, ಬಿಳಿ ಪಟ್ಟೆಯದು, ಪಟ್ಟೆಯೇ ಇಲ್ಲದ್ದು. ಸತ್ತುಹೋದ ಯಾರೋ ಹೆಂಗಸು ತನ್ನ ಪೆಟ್ಟಿಗೆ ತೆರೆದು, ಇದಲ್ಲ, ಇದಲ್ಲ ಎಂದು ಮಡಿಚಿಡುತ್ತಿರುವಂತೆ.

ಎಂಟನೆಯ ಸೀರೆಯ ಮೈ ಮುಗಿದು ಸೆರಗು ಹಿಡಿಯಬೇಕೆನ್ನುವ ಹೊತ್ತಿಗೆ ರಾಧಿಕಾ ಮತ್ತೆ ಬಂದಳು. ಜೊತೆಗೆ, ಪರದೇಶದ ಪಾರ್ಸಲ್ಲಿನ ಕೆಲಸ ವಹಿಸಿಕೊಂಡ ಸಾವ್ಕಾರ ಭಾನುಪ್ರಕಾಶ ಇದ್ದ. ಬಿಳಿಯ ಅಂಗಿ, ಕಿಸೆಯಲ್ಲಿ ಎರಡು ಫೋನು, ಕೈಯಲ್ಲಿ ಅಂಗಡಿಯ ಉದ್ದನೆಯ ಕತ್ತರಿ.

"ಮಲ್ಲೇಶ್ವರಕ್ಕಾ, ಖುಷಿ ಸುದ್ದಿ!" ಎಂದ ಭಾನುಪ್ರಕಾಶ ಕುಣಿಯ ಅಂಚಿನಲ್ಲಿ ನಿಂತು. "ಇಂಗ್ಲೆಂಡಿನ ಸಾಹೇಬ್ರು ನಮೂನಾ ಕೇಳ್ಯಾರ. ಅಂಗೈಯಷ್ಟು. ಹಳೇ ತುಂಡು ಎಷ್ಟೈತೋ ಅಷ್ಟ. ಇಲ್ಲಿಂದನ ಕತ್ತರಿಸಿ ಇವತ್ತ ಪಾರ್ಸಲ್ ಮಾಡೋಣು. ಕತ್ತರಿ ನಾನ ತಂದೀನಿ, ನೋಡ್ರಿ."

ಮಲ್ಲೇಶ್ವರಿ ಲಾಳಿಯನ್ನು ಮಡಿಲಲ್ಲಿಟ್ಟುಕೊಂಡು ರಾಧಿಕಾಳ ಮುಖ ನೋಡಿದಳು.

"ಬಣ್ಣ ಕೂಡತೈತೋ ಇಲ್ಲೋ ನೋಡಾಕ, ಅತ್ತಿ," ಎಂದಳು ರಾಧಿಕಾ. ಅವಳ ದನಿ ನೆಲ ನೋಡುತ್ತಿತ್ತು. "ಆಮ್ಯಾಲ ಅದನ್ನ ಮೇಜಿನ ಮ್ಯಾಲ ಇಡತಾರ. ಬಂದೋರು ಮುಟ್ಟಿ ನೋಡಾಕ. ಹಳೇದು ಗಾಜಿನ್ಯಾಗ ಇರತೈತಲ್ಲ, ಅದನ್ನ ಮುಟ್ಟಾಕ ಬಿಡಂಗಿಲ್ಲ."

ಯಲ್ಲಯ್ಯ ರಾಟೆ ನಿಲ್ಲಿಸಿ ಹೆಂಡತಿಯ ಕಡೆ ನೋಡಿದ. ಮನೆಯ ರಿವಾಜು ಅವನು ಹಾಲಿನ ಜೊತೆ ಕುಡಿದು ಬಂದದ್ದು, ಅವಳು ಮಗ್ಗದ ಜೊತೆ ಕಲಿತದ್ದು. ಸೀರೆ ಮುಗಿದಾಗ ಕತ್ತರಿ ತಾಗುವುದು ಎರಡು ಸೀರೆಯ ನಡುವೆ ನೇಯದೆ ಬಿಟ್ಟ ಬರಿ ಎಳೆಗಳಿಗೆ ಮಾತ್ರ. ನೇಯ್ದ ಮೈಗೆ ಈ ಸೂರಿನ ಕೆಳಗೆ ಕಬ್ಬಿಣ ತಾಗಬಾರದು. ಕುಬಸದ ಕಣವನ್ನು ಕೂಡ ಇಡಿಯಾಗಿ ಹೊರಗೆ ಒಯ್ದು ಸಿಂಪಿಗನ ಮನೆಯಲ್ಲೇ ಕತ್ತರಿಸಬೇಕು. ಮನೆಯೊಳಗೆ ನೇಯ್ದ ಬಟ್ಟೆ ಎರಡಾಗುವುದು ಒಂದೇ ಹೊತ್ತಿನಲ್ಲಿ: ಸತ್ತವರ ಹೆಬ್ಬೆರಳು ಎರಡನ್ನೂ ಕೂಡಿಸಿ ಕಟ್ಟಲು ಪಟ್ಟಿ ಬೇಕಾದಾಗ. ಯಲ್ಲಯ್ಯನ ತಾಯಿ ಹೋದಾಗ ಆ ಪಟ್ಟಿ ಹರಿದವಳು ಮಲ್ಲೇಶ್ವರಿಯೇ. ಹರಿಯುವಾಗ ಎದ್ದ ಆ ಸದ್ದು ಇನ್ನೂ ಅವಳ ಕಿವಿಯಲ್ಲಿತ್ತು.

"ಸಾವ್ಕಾರ್ರೇ," ಎಂದಳು ಅವಳು, "ಈ ಮನ್ಯಾಗ ಯಾರೂ ಸತ್ತಿಲ್ಲ."

"ಅಯ್ಯ, ಮತ್ತ ಅದ ಹಳೇ ಪುರಾಣ! ಅಂಗೈಯಷ್ಟು, ಅಕ್ಕಾ. ಎಂಟು ಸೀರ್ಯಾಗ ಒಂದು ಅಂಗೈ ಹೋದ್ರ ಸೂರ್ಯ ಮುಳುಗತಾನೇನು?"

"ಅವರ ರಾಜ್ಯದಾಗ ಸೂರ್ಯ ಮುಳುಗತಿದ್ದಿಲ್ಲಂತ. ನಮ್ಮ ಓಣ್ಯಾಗ ದಿನಾ ಮುಳುಗತಾನ. ಅದಕ್ಕ ದಿನಾ ಹೊಸಾದಾಗಿ ಹುಟ್ಟತಾನ."

ಯಲ್ಲಯ್ಯ ಕೆಮ್ಮಿನಲ್ಲಿ ನಗು ಮುಚ್ಚಿಕೊಂಡ. ಭಾನುಪ್ರಕಾಶ ಕತ್ತರಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸಿದ.

"ಆತು ಬಿಡ್ರಿ," ಎಂದಳು ಮಲ್ಲೇಶ್ವರಿ ಸಣ್ಣ ದನಿಯಲ್ಲಿ, ಈಗ ರಾಧಿಕಾಗೆ ಮಾತ್ರ ಎಂಬಂತೆ. "ನಾನೂ ಒಂದು ಕೇಳತೀನವ್ವಾ. ಬಣ್ಣ ಕೂಡತೈತೋ ಇಲ್ಲೋ ನೋಡಬೇಕಂದ್ರ ಎರಡೂ ಒಂದ ಕಡೆ ಇರಬೇಕಲ್ಲ? ಆ ತುಂಡು ಇಲ್ಲಿಗೆ ಕಳಸ್ಲಿ. ನಾನು ಈ ಸೀರಿ ದಡಿಗೆ ಅದನ್ನ ಕೂಡಸತೀನಿ. ಕಬ್ಬಿಣದಿಂದ ಅಲ್ಲ, ಸೂಜಿದಾರದಿಂದನೂ ಅಲ್ಲ. ಎಳೆಗೆ ಎಳೆ ಹೊಸದು. ಆಮ್ಯಾಲ ಇಡೀ ಸೀರಿ ಅವರ ಒಯ್ಯಲಿ. ನಾನು ಒಂದ ಎಳೆನೂ ಇಟ್ಕೊಳ್ಳಂಗಿಲ್ಲ."

ರಾಧಿಕಾ ತಲೆ ಎತ್ತಿದಳು. ಆ ಮುಖದಲ್ಲಿ ಒಂದು ಗಳಿಗೆ ಅವಳ ಗದ್ವಾಲದ ಅಜ್ಜನ ಮನೆ ಕಂಡಿತು. "ಕೇಳಿ ನೋಡತೀನಿ, ಅತ್ತಿ," ಎಂದು ಫೋನು ಹಿಡಿದು ಅಂಗಳಕ್ಕೆ ಹೋದಳು.

ಅಂಗಳದಿಂದ ಇಂಗ್ಲಿಷ್ ಮಾತು ಒಳಗೆ ಬರುತ್ತಿತ್ತು. ಮೊದಲು ಜೋರಾಗಿ, ಆಮೇಲೆ ಬೇಡಿಕೊಳ್ಳುವಂತೆ, ಕೊನೆಗೆ ಬರಿಯ ಹೂಂಗುಟ್ಟುವಿಕೆ. ಮಲ್ಲೇಶ್ವರಿಗೆ ಒಂದು ಶಬ್ದವೂ ತಿಳಿಯಲಿಲ್ಲ. ಉತ್ತರ ಮಾತ್ರ ತಿಳಿಯಿತು.

"ಹೊರಗ ಬಿಡಾಕ ಕಾಯಿದಾ ಇಲ್ಲಂತ," ಎಂದಳು ರಾಧಿಕಾ ಬಾಗಿಲಲ್ಲಿ ನಿಂತು. "ಭಾಳ ಸೂಕ್ಷ್ಮ ಐತಂತ. ಪ್ರಯಾಣ ತಾಳಂಗಿಲ್ಲಂತ."

"ಇಲ್ಲಿಂದ ಹೋಗೂ ಮುಂದ ಸೂಕ್ಷ್ಮ ಇದ್ದಿಲ್ಲೇನವ್ವಾ?"

ಬೆಳಕಿಂಡಿಯ ಬಿಸಿಲು ಚಿತ್ರದಿಂದ ಜಾರಿ ಗೋಡೆಗೆ ಬಿದ್ದಿತ್ತು, ಇದ್ದಲಿನ ಅಕ್ಷರಗಳ ಮೇಲೆ. ರಾಧಿಕಾಳ ಕಣ್ಣು ಅಲ್ಲಿ ಹೋಗಿ ನಿಂತಿತು.

"ಅತ್ತಿ, ಖರೇ ಹೇಳತೀನಿ," ಎಂದಳು. "ನಮೂನಾ ಹೋಗದಿದ್ರ ಅವರು ಬ್ಯಾರೆ ಮಗ್ಗ ಹುಡುಕತಾರ. ಸೀರಿ ಯಾರದೋ ತೂಗತೈತಿ. ನಿಮ್ಮ ಹೆಸರು ಹೋಗತೈತಿ. ನನಗ ಅದು ಆಗಬಾರದು. ವಿಚಾರ ಮಾಡ್ರಿ. ಮುಂದಿನ ವಾರ ನಾನು ಮತ್ತ ಬರತೀನಿ."

ಭಾನುಪ್ರಕಾಶ ಕತ್ತರಿಯನ್ನು ಗೂಡಿನಲ್ಲಿ, ಚಿತ್ರದ ಪಕ್ಕ ಇಟ್ಟ. "ಇದು ಇಲ್ಲೇ ಇರ್ಲಿ, ಅಕ್ಕಾ. ಬುದ್ಧಿ ಬಂದಾಗ ಹುಡುಕೋ ಪಾಳಿ ಬರಬಾರದಲ್ಲ!"

"ಒಯ್ಯಿರಿ, ಸಾವ್ಕಾರ್ರೇ. ನನ್ನ ಬುದ್ಧಿಗೆ ಹಿಡಿಕಿ ಇಲ್ಲ."

ಭಾನುಪ್ರಕಾಶ ಕತ್ತರಿ ಎತ್ತಿಕೊಂಡು ರಾಧಿಕಾಳ ಹಿಂದೆ ಹೋದ. ಯಲ್ಲಯ್ಯ ಕಂಡಿಕೆಗಳನ್ನು ಬುಟ್ಟಿಗೆ ಹಾಕಿ, ತೆಗೆದು, ಮತ್ತೆ ಹಾಕಿದ.

"ಹೆಸರು ಬರಿಸ್ಕೊಂಡಿ," ಎಂದ ಕೊನೆಗೆ. "ದಿನಾ ನೋಡತೀ. ನಾನು ಕಂಡಿಲ್ಲೇನು?"

"ನೋಡತೀನಿ."

"ಮತ್ತ?"

"ಹೆಸರಿನ ಆಸಿ ನನಗ ಇಲ್ಲಂತ ನಾನು ಯಾವಾಗ ಅಂದೀನ್ರೀ? ಐತಿ. ಹೊಟ್ಟಿ ತುಂಬ ಐತಿ. ಆದ್ರ ಒಂದು ಹೇಳ್ರಿ. ಆ ತುಂಡು ಕತ್ತರಿಸಿದವ ಪರದೇಶದವ. ಅವನಿಗೆ ಇದು ಬರೇ ಬಟ್ಟಿ. ನಾನು ಕತ್ತರಿಸಿದ್ರ?" ಅವಳು ನೇಯ್ದ ಮೈಯ ಮೇಲೆ ಅಂಗೈ ಊರಿದಳು. "ಅವತ್ತು ಅವರ ಕೈ ಬೇಕಿತ್ತು. ಇವತ್ತು ನನ್ನ ಕೈಲೇ ಮಾಡಿಸಿ, ಕೆಳಗ ನನ್ನ ಹೆಸರು ಬರೀತಾರಂತ."

ಯಲ್ಲಯ್ಯ ಒಂದು ಕಂಡಿಕೆ ತೆಗೆದು ಲಾಳಿಗೆ ತುಂಬಿ, ಅವಳ ಕೈಗೆ ಕೊಟ್ಟ.

ಆ ಸಂಜೆ, ಮದುವೆಗೆ ಇನ್ನೊಂದೇ ವಾರವಿದ್ದ ರಜಿನಿ ಬಂದಳು. ಮಖ್ತಲದವರು ನಿಶ್ಚಿತಾರ್ಥಕ್ಕೆ ತಂದಿದ್ದ ಸೀರೆಯನ್ನು ತೋರಿಸಲು ತಂದಿದ್ದಳು. ಪ್ಲಾಸ್ಟಿಕ್ಕಿನ ಹೊಳೆಯುವ ಚೀಲ. ಒಳಗೆ ಕೆಂಪು ಸೀರೆ, ಕಪ್ಪು ಚೌಕಳಿ, ಗೋಪುರದ ದಡಿ. ಮೇಲೆ ಚೀಟಿ: ಅಸಲಿ ನಾರಾಯಣಪೇಟೆ. ಮಲ್ಲೇಶ್ವರಿ ಸೆರಗನ್ನು ಮಗುಚಿ ನೋಡಿದಳು. ಚೌಕಳಿ ಒಂದು ಮಗ್ಗುಲಿಗೆ ಮಾತ್ರ ಇತ್ತು. ನೇಯ್ದದ್ದಲ್ಲ, ಎಲ್ಲಿಯೋ ಯಂತ್ರ ಒತ್ತಿದ ಅಚ್ಚು.

"ಗೊತ್ತೈತಿ, ದೊಡ್ಡವ್ವ," ಎಂದಳು ರಜಿನಿ, ಅವಳು ಬಾಯಿ ತೆರೆಯುವ ಮೊದಲೇ. "ನೇಕಾರರ ಓಣ್ಯಾಗ ಹುಟ್ಟಿ ಅಚ್ಚಿನ ಸೀರಿ ಉಟ್ಟು ಹೋಗಬೇಕು ನೋಡ್ರಿ. ಅವರಿಗೆ ಗೊತ್ತಿಲ್ಲ. ನಮ್ಮೂರ ಹೆಸರು ನೋಡಿ ನನಗಂತ ಪ್ರೀತಿಲೇ ತಂದಾರ. ಏನನ್ನಲಿ?"

"ಎಲ್ಲಿ ತಗೊಂಡಾರ?"

ರಜಿನಿ ನಕ್ಕಳು. "ಭಾನುಪ್ರಕಾಶ ಸಾವ್ಕಾರ್ರ ಅಂಗಡ್ಯಾಗ!"

ಮಲ್ಲೇಶ್ವರಿಯೂ ನಕ್ಕಳು, ನಗು ನಡುವೆಯೇ ನಿಂತುಹೋಯಿತು. ಅವಳ ಕಣ್ಣು ಹುಡುಗಿಯ ಕೈಯ ಚೀಲದಿಂದ ಗೂಡಿನ ಚಿತ್ರಕ್ಕೆ, ಚಿತ್ರದಿಂದ ಮಗ್ಗಕ್ಕೆ ಹೋಗಿ ಬಂತು. ಪುಸ್ತಕ ಇನ್ನೂ ಮುಚ್ಚಿಲ್ಲ ಎನಿಸಿತು ಅವಳಿಗೆ. ಹಡಗಿನ ಬದಲು ಲಾರಿ ಬಂದಿದೆ, ಅಷ್ಟೆ. ಕದ್ದ ಚಂದ ಈಗಲೂ ಅದೇ ಊರಿಗೆ, ಅದೇ ಊರಿನ ಹೆಸರು ಹೊತ್ತು ಮರಳಿ ಬರುತ್ತಿದೆ. ಮರಳಿ ಬಂದು, ನೇಯ್ದವರ ಮಕ್ಕಳ ಮೈಯನ್ನೇ ಕೇಳುತ್ತಿದೆ.

"ಏಯ್, ಇಲ್ಲಿ ಬಾ," ಎಂದಳು. "ಎದ್ದು ನಿಲ್ಲು. ನೆಟ್ಟಗ ನಿಲ್ಲು."

ಮಗ್ಗಕ್ಕೆ ಬಿಗಿದ ಸೀರೆಯ ಪಕ್ಕದಲ್ಲಿ ರಜಿನಿ ನಿಂತಳು. ಮಲ್ಲೇಶ್ವರಿ ಅವಳ ಎತ್ತರವನ್ನು, ಭುಜವನ್ನು, ಮಾತಾಡುವಾಗ ಅವಳು ಕತ್ತು ಕೊಂಕಿಸುವ ರೀತಿಯನ್ನು ನೋಡಿದಳು. ಇಷ್ಟು ದಿನ ಪೆಟ್ಟಿಗೆ ತೆರೆದು ಮುಚ್ಚುತ್ತಿದ್ದ ಆ ಯಾರೋ ಹೆಂಗಸು ಕೊನೆಗೂ ಒಂದು ಸೆರಗನ್ನು ಹೊರತೆಗೆದು ಹರವಿದಳು. ಬಿಳಿಯ ಪಟ್ಟೆ, ಅದರ ಎರಡು ಕಡೆಗೆ ಕಪ್ಪು; ತುದಿಯಲ್ಲಿ ಗೋಪುರಗಳ ಇಡೀ ಸಾಲು, ಒಂದೂ ಮುರಿಯದೆ.

ರಾಧಿಕಾ ಹೇಳಿದ ಹಾಗೆಯೇ ಮುಂದಿನ ವಾರ ಬಂದಳು. ಒಬ್ಬಳೇ ಬಂದಳು. ಭಾನುಪ್ರಕಾಶ ಓಣಿಯ ತುದಿಯಲ್ಲಿ ಕಾರಿನಲ್ಲೇ ಕೂತಿದ್ದನಂತೆ. "ಆ ಹೆಂಗಸಿನ ಬಾಯಿಗೆ ಯಾರು ಸಿಗತಾರವ್ವಾ" ಎಂದನಂತೆ. ಮಗ್ಗದ ಮೇಲೆ ಸೀರೆ ಇರಲಿಲ್ಲ. ಬರಿ ಎಳೆಗಳ ತುದಿಗಳು ನೇತಾಡುತ್ತಿದ್ದವು. ಮಲ್ಲೇಶ್ವರಿ ಬೆರಳಿಗೆ ಬೂದಿ ಹಚ್ಚಿಕೊಂಡು ಅವಕ್ಕೆ ಮುಂದಿನ ಹಾಸಿನ ಎಳೆ ಹೊಸೆಯುತ್ತ ಕೂತಿದ್ದಳು. ಗೋಡೆಯ ಮೇಲೆ ಹೆಸರು ಇರಲಿಲ್ಲ. ಅಲ್ಲಿ ಸುಣ್ಣ ಇನ್ನೂ ಹಸಿಯಾಗಿತ್ತು.

"ಇಳಿಸಿದ್ರೇನು, ಅತ್ತಿ? ಎಲ್ಲೈತಿ?"

"ಬರತೈತಿ. ಕೂಡ್ರು. ಚಾ ಕುಡಿ."

ಯಲ್ಲಯ್ಯ ತಂದ ಚಹಾ ಆರುವ ಮೊದಲೇ ಎದುರುಮನೆಯಲ್ಲಿ ಗದ್ದಲವಾಯಿತು. ರಜಿನಿಯ ಮದುವೆಯ ಅಕ್ಕಿಕಾಳು ಮುಂಜಾನೆ ಬಿದ್ದಿತ್ತು. ಮಖ್ತಲದ ಜೀಪು ಓಣಿಯ ಬಾಯಲ್ಲಿ ನಿಂತಿತ್ತು. ರಜಿನಿ ಎಲ್ಲರಿಗೂ ನಮಸ್ಕಾರ ಮಾಡಿ ಕೊನೆಗೆ ಮಗ್ಗಕ್ಕೆ ನಮಸ್ಕರಿಸಲು ಈ ಮನೆಗೆ ಬಂದಳು. ಹೊಸ್ತಿಲು ದಾಟಿದವಳನ್ನು ನೋಡಿ ರಾಧಿಕಾ ಲೋಟ ಕೆಳಗಿಟ್ಟಳು. ಅವಳು ಎದ್ದು ನಿಂತದ್ದು ಅವಳಿಗೇ ತಿಳಿದಿರಲಿಕ್ಕಿಲ್ಲ.

ಗೂಡಿನ ಚಿತ್ರದಲ್ಲಿ ಅಂಗೈಯಷ್ಟಿದ್ದ ಕೆಂಪು ಈಗ ಒಂದು ಮೈಯ ಉದ್ದಕ್ಕೆ ನಡೆದು ಬರುತ್ತಿತ್ತು. ಚೌಕಗಳು ಮಂಡಿಯಲ್ಲಿ ಬಾಗಿ, ಸೊಂಟದಲ್ಲಿ ತಿರುಗಿ, ಭುಜ ಏರಿದ್ದವು. ನೆರಿಗೆಯ ಮೇಲೆ ಅರಿಸಿನದ ಕೈಯ ಗುರುತು ಬಿದ್ದಿತ್ತು.

"ಅರಿಸಿನ ಹತ್ತೈತಿ," ಎಂದಳು ರಾಧಿಕಾ ಮೆಲ್ಲಗೆ. "ಇನ್ನ ಇದನ್ನ ಅವರು ತಗೋಳಂಗಿಲ್ಲ, ಅತ್ತಿ."

"ಗೊತ್ತೈತಿ. ನಾನ ಹಚ್ಚೀನಿ."

"ಅವರಿಗೆ ಏನು ಹೇಳಲಿ?"

ಮಲ್ಲೇಶ್ವರಿ ಹೊಸೆದ ಎಳೆಯನ್ನು ಬೂದಿಯ ಬೆರಳಿನಿಂದ ಒತ್ತಿ ಬಿಟ್ಟಳು.

"ತುಂಡಿನ ಪಕ್ಕ ಒಂದು ಸೀರಿಯಷ್ಟು ಜಾಗ ಖಾಲಿ ಬಿಡಂತ ಹೇಳು. ಏನೂ ತೂಗಹಾಕಬ್ಯಾಡಂತ ಹೇಳು. ಕೆಳಗ ಬರೀಲಿ: ಈ ಸೀರಿ ಉಡಾಕ ಹೋಗೈತಿ ಅಂತ."

"ನಿಮ್ಮ ಹೆಸರು?"

"ಅವತ್ತು ಅವರು ಕೇಳಲಿಲ್ಲ. ಇವತ್ತು ಕೇಳತಾರ. ನಾನು ಕೊಡಂಗಿಲ್ಲ. ಅದನ್ನೂ ಬರೀಲಿ."

ರಾಧಿಕಾ ರಜಿನಿಯ ಸೆರಗನ್ನೊಮ್ಮೆ ನೋಡಿ, "ನಾನು ಹೇಳಿದ್ರ ಈ ಕೆಲಸ ನನಗ ಉಳಿಯಂಗಿಲ್ಲ, ಅತ್ತಿ," ಎಂದಳು. ದೂರಿನ ದನಿ ಅದಾಗಿರಲಿಲ್ಲ.

"ಹೇಳತೀಯೋ ಇಲ್ಲೋ?"

"ಹೇಳತೀನಿ. ನೀವು ಅಂದಂಗನ ಹೇಳತೀನಿ." ಅವಳು ಫೋನು ತೆಗೆದು ರಜಿನಿಯ ಕಡೆ ತಿರುಗಿದಳು. "ಒಂದು ಫೋಟೋ ತಗೋಳ್ಳೇನವ್ವಾ?"

ರಜಿನಿ ಸೆರಗನ್ನು ಎದೆಗೆ ಎಳೆದುಕೊಂಡಳು. "ಯಾಕ್ರಿ ಅಕ್ಕಾ, ಮತ್ತೊಂದು ಪುಸ್ತಕಕ್ಕೇನು?"

ರಾಧಿಕಾ ಫೋನನ್ನು ಚೀಲಕ್ಕೆ ಹಾಕಿದಳು. ಮುಖ ಕೆಂಪಾಗಿತ್ತು, ತುಟಿಯಲ್ಲಿ ನಗುವಿನ ಗೆರೆ ಇತ್ತು.

"ಮಖ್ತಲಕ್ಕ ಬರ್ರಿ," ಎಂದಳು ರಜಿನಿ. "ಹಬ್ಬಕ್ಕ ಉಟ್ಟಿರತೀನಿ, ನೋಡೀರಂತ. ಬೇಕಂದ್ರ ಮುಟ್ಟೀರಂತ. ನಮ್ಮಲ್ಲಿ ಗಾಜಿಲ್ಲ."

"ಏಯ್ ಬಾಯಿಬಡುಕಿ, ಜೀಪು ಕೂಗಾಕತ್ತೈತಿ," ಎಂದ ಯಲ್ಲಯ್ಯ, ಕಣ್ಣೊರೆಸಿಕೊಳ್ಳುತ್ತ.

ರಜಿನಿ ಮಗ್ಗದ ಮರವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಗೂಡಿನ ಚಿತ್ರದ ಮುಂದೆ ಒಂದು ಗಳಿಗೆ ನಿಂತಳು. ಮಾರ್ಕಂಡೇಯನಿಗೋ ಆ ತುಂಡಿಗೋ, ಕೈ ಮುಗಿದಳು. ಓಣಿಯ ಗಾಳಿ ಹಳೆಯ ತೇಗದ ಬಾಗಿಲನ್ನು ತೂಗುತ್ತಿತ್ತು. ಅವಳು ತಲೆ ತಗ್ಗಿಸಿ ಹೊಸ್ತಿಲು ದಾಟಿದಳು. ಬೆನ್ನ ಹಿಂದೆ ಬಾಗಿಲು ಬೀಸಿ ಬಂತು. ಸೆರಗಿನ ತುದಿ ಇನ್ನೂ ಒಳಗಿತ್ತು. ಮಲ್ಲೇಶ್ವರಿಯ ಕೈಯಲ್ಲಿನ ಎಳೆ ನಿಂತಿತು. ಹೊರಗಿನಿಂದ ಒಂದು ಬಳೆಗೈ ಸೆರಗನ್ನು ಸರಕ್ಕನೆ ಎಳೆದುಕೊಂಡಿತು. ಕೊನೆಯ ಗೋಪುರ ತನ್ನ ಏರಿನೊಂದಿಗೆ, ತುದಿಯೊಂದಿಗೆ, ಇಳಿಜಾರಿನೊಂದಿಗೆ ಸಂದಿಯಿಂದ ನುಸುಳಿ ಹೋಯಿತು. ಬಾಗಿಲು ಮುಚ್ಚಿತು.